ಹೊಳ್ಳು, ಚಿಗರಿ

ಮಾಗಿಯಲ್ಲಿ ಊರಿಗೆ ಹೋದರೆ ರಾತ್ರಿ ಊಟವಾದ ಮೇಲೆ ಹೊಲದ ಮನೆಯ ಅಂಗಳದಲ್ಲಿ ಕಬ್ಬಿನ ರವದಿ ಗುಡ್ಡೆ ಹಾಕಿ ಬೆಂಕಿ ಮಾಡುವುದು ನಮ್ಮ ರೂಢಿ. ರವದಿ ಭುಗ್ಗೆಂದು ಉರಿದು ಬೇಗ ಆರಿಬಿಡುತ್ತದೆ. ಅದಕ್ಕೇ ನಡುವೆ ಒಂದು ಜಾಲಿಯ ಬೊಡ್ಡೆ ತುರುಕಿರುತ್ತಾರೆ. ತಂಗಿಯ ಮಕ್ಕಳಿಬ್ಬರು ಕೌದಿ ಹೊದ್ದು ನನ್ನ ಎರಡು ಮಗ್ಗುಲಿಗೆ ಕೂರುತ್ತಾರೆ. “ಮಾಮಾ, ಚಿಗರಿ ಕಥಿ ಹೇಳು” ಅನ್ನುತ್ತಾರೆ. ಬೆಂಕಿಯ ಆ ಕಡೆ ಅಪ್ಪ ಕೂತಿರುತ್ತಾನೆ. ಮಕ್ಕಳು ಚಿಗರಿಯನ್ನು ಕಂಡವರಲ್ಲ. ಅವರಿಗೆ ಹೇಳುವುದನ್ನೇ ಇಲ್ಲಿ ಹೇಳುತ್ತೇನೆ, ಅವರಿಗೆ ಇದುವರೆಗೆ ಹೇಳದೆ ಬಿಟ್ಟ ಒಂದು ಸಂಗತಿಯನ್ನೂ ಸೇರಿಸಿ.

ಅಪ್ಪ ಘಟಪ್ರಭಾ ದಂಡೆಯ ನಮ್ಮೂರಿಗೆ ಪೋಸ್ಟ್ ಮಾಸ್ತರನಾಗಿದ್ದ. 2005ರ ಜನವರಿ 9ರಂದು ಅಂಚೆ ಇಲಾಖೆ ನಮ್ಮ ದೇಶದ ನಾಲ್ಕು ತಳಿಯ ನಾಯಿಗಳ ಅಂಚೆಚೀಟಿ ಹೊರಡಿಸಿತು. ಹಿಮಾಲಯದ ಕುರಿನಾಯಿ, ರಾಂಪುರದ್ದು, ರಾಜಪಾಳಯಂದು, ನಾಲ್ಕನೆಯದು ನಮ್ಮ ಮುಧೋಳದ್ದು. ಕೆಲಸದ ಮೇಲೆ ಬಾಗಲಕೋಟೆಗೆ ಹೋದ ಅಪ್ಪ ಆ ಚೀಟಿಯೊಂದನ್ನು ಕಿಸೆಯ ಡೈರಿಯಲ್ಲಿ ಇಟ್ಟುಕೊಂಡು ಬಂದ. ಬಂದವನೇ ಅಡುಗೆಮನೆಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಹಿಡಿದ. “ನೋಡಿಲ್ಲಿ, ನಮ್ಮ ಸೀಮಿ ನಾಯಿ. ದೇಶಕ್ಕೆಲ್ಲ ಹೊಂಟೈತಿ.” ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ನಾಯಿಗಳ ಜೋಡಿಯೊಂದನ್ನು ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಕಾಣಿಕೆ ಕೊಟ್ಟ ಸಂಗತಿ ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಅಪ್ಪನಿಗೂ ಗೊತ್ತಿತ್ತು. ಆದರೆ ನಾಯಿ ಸಾಕಬೇಕು ಅನ್ನುವ ಆಸೆ ಅವನಲ್ಲಿ ಹುಟ್ಟಿದ್ದು ಆ ಚೀಟಿ ನೋಡಿದ ಮೇಲೆಯೇ. ಶಿವರಾತ್ರಿ ಹೊತ್ತಿಗೆ, ಬೇಟೆನಾಯಿ ಸಾಕುವ ಮನೆಯೊಂದರಿಂದ ಒಂದು ಹೆಣ್ಣುಮರಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಸೈಕಲ್ ಮೇಲೆ ತಂದೇಬಿಟ್ಟ. ನಾನಾಗ ಒಂಬತ್ತನೇ ಇಯತ್ತೆ.

ಮರಿಗೆ ಒಂದೂವರೆ ತಿಂಗಳು. ಒಣಗಿದ ಜೋಳದ ಸೊಪ್ಪೆಯ ಬಣ್ಣ, ಎದೆಯ ಮೇಲೆ ಅಂಗೈಯಗಲ ಬಿಳುಪು. ಚರ್ಮ ಎಷ್ಟು ತೆಳುವೆಂದರೆ, ಮಲಗಿದಾಗ ಪಕ್ಕೆಲುಬಿನ ಸಂದಿಯಲ್ಲಿ ಗುಂಡಿಗೆ ಬಡಿಯುವುದು ಕಣ್ಣಿಗೆ ಕಾಣುತ್ತಿತ್ತು. ತಂಗಿ ಅಲ್ಲಿ ಬೆರಳಿಟ್ಟು ಎಣಿಸುತ್ತಿದ್ದಳು, ನೂರು ಮುಟ್ಟುವ ಮೊದಲೇ ಲೆಕ್ಕ ತಪ್ಪುತ್ತಿದ್ದಳು. ಮೆಕ್ಕೆಜೋಳದ ನುಚ್ಚು, ಹಾಲು ತಿಂದುಕೊಂಡು ಅದು ವಾರಕ್ಕೊಂದು ಗೇಣು ಬೆಳೆಯಿತೇನೋ ಅನ್ನಿಸುವ ಹಾಗೆ ಉದ್ದವಾಯಿತು. ಪಶು ಆಸ್ಪತ್ರೆಗೆ ಒಯ್ದು ಚುಚ್ಚುಮದ್ದು ಹಾಕಿಸಿದೆವು, ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದೆವು. ಒಂದು ದಿನ ಅಂಗಳದ ಒರಳುಕಲ್ಲನ್ನು ನಾಲ್ಕು ಕಾಲೂ ಎತ್ತಿ ಜಿಗಿದು ದಾಟಿತು. ಅವ್ವ ಬಾಗಿಲಲ್ಲಿ ನಿಂತು ನೋಡಿ, “ಇದು ನಾಯಲ್ಲ, ಚಿಗರಿ” ಅಂದಳು. ಜಿಂಕೆಗೆ, ಕೃಷ್ಣಮೃಗಕ್ಕೆ ನಮ್ಮ ಕಡೆ ಹಾಗನ್ನುತ್ತಾರೆ. ಅದೇ ಹೆಸರು ನಿಂತಿತು.

ಅಪ್ಪನಿಗೆ ಮಾತು ಕೇಳುವ ನಾಯಿ ಬೇಕಾಗಿತ್ತು. ಜಿಲ್ಲಾ ಮೈದಾನದ ಪರೇಡಿನಲ್ಲಿ ಪೊಲೀಸ್ ನಾಯಿಗಳನ್ನು ನೋಡಿದ್ದ. ಕೂರು ಅಂದರೆ ಕೂರುವುದು, ನಿಲ್ಲು ಅಂದರೆ ನಿಲ್ಲುವುದು ಅವನ ಮನಸ್ಸಿಗೆ ಹಿಡಿಸಿತ್ತು. ದಿನಾ ಸಂಜೆ ಕಚೇರಿ ಮುಚ್ಚಿ ಬಂದು ಕಟ್ಟೆಯ ಮುಂದೆ ಪಾಠ ಶುರು ಮಾಡುತ್ತಿದ್ದ. “ಕುಂಡ್ರು” ಅನ್ನುವುದು, ಚಿಗರಿಯ ಹಿಂಭಾಗವನ್ನು ಕೈಯಿಂದ ಒತ್ತುವುದು. ಚಿಗರಿ ಕಾಲು ಬಿಗಿ ಹಿಡಿದು ನಿಲ್ಲುತ್ತಿತ್ತು. ಅಪ್ಪ ಇನ್ನೂ ಒತ್ತುತ್ತಿದ್ದ. ಅದು ಜಾರಿ ಪಕ್ಕಕ್ಕೆ ಸರಿಯುತ್ತಿತ್ತು. ಹತ್ತು ಸಲ, ಹದಿನೈದು ಸಲ “ಕುಂಡ್ರು” ಅಂದ ಮೇಲೆ ಅಪ್ಪನ ದನಿ ಏರುತ್ತಿತ್ತು. ಆದರೆ “ಬಾ” ಅಂದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಿತ್ತು. ಅದನ್ನು ಯಾರೂ ಕಲಿಸಿರಲಿಲ್ಲ. ಕಲಿಸದೆ ಬಂದದ್ದಕ್ಕೆ ನಾವು ಬೆಲೆಯನ್ನೂ ಕೊಟ್ಟಿರಲಿಲ್ಲ.

ಆ ವರ್ಷದ ಕಾರ ಹುಣ್ಣಿಮೆ. ಎತ್ತುಗಳ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆಸರ. ಸಂಜೆ ಕರಿ ಹರಿಯುವುದನ್ನು ನೋಡಲು ಊರಿಗೆ ಊರೇ ಅಗಸಿಯ ಮುಂದೆ ನೆರೆದಿತ್ತು. ಅಪ್ಪ ಚಿಗರಿಗೆ ಹೊಸ ಪಟ್ಟಿ ಹಾಕಿ, ಸರಪಳಿ ಹಿಡಿದು ಕರೆದುಕೊಂಡು ಬಂದಿದ್ದ. ಈ ಜಾತಿಯ ನಾಯಿಯ ತಲೆ ಕೊರಳಿಗಿಂತ ಸಪೂರ. ಸಾಮಾನ್ಯ ಪಟ್ಟಿ ಹಾಕಿದರೆ ಅದು ಹಿಂದಕ್ಕೆ ಜಗ್ಗಿ, ತಲೆಯನ್ನು ನುಣುಪಾಗಿ ಹೊರಗೆಳೆದುಕೊಳ್ಳುತ್ತದೆ. ನಮಗದು ಗೊತ್ತಿರಲಿಲ್ಲ. ಎತ್ತುಗಳು ಓಡಿದವು, ಹಲಗೆ ಬಡಿದವು, ಜನ ಹೋ ಅಂದರು. ಯಾರದೋ ಆಡಿನ ಮರಿಯೊಂದು ಬೆದರಿ ಚಂಗನೆ ಹಾರಿತು. ಮರುಗಳಿಗೆಗೆ ಅಪ್ಪನ ಕೈಯಲ್ಲಿ ಬರೀ ಸರಪಳಿ ಉಳಿದಿತ್ತು.

ಆಡಿನ ಮರಿ ಮುಂದೆ, ಚಿಗರಿ ಹಿಂದೆ. ಜನರ ಕಾಲ ಸಂದಿಯಲ್ಲಿ ನುಗ್ಗಿ, ಎತ್ತುಗಳ ನಡುವೆ ಹಾದು, ಅಗಸಿ ದಾಟಿ ಹೊಲದ ಕಡೆಗೆ. ಎತ್ತುಗಳು ಬೆದರಿದವು. ಯಾರಿಗೂ ಪೆಟ್ಟಾಗಲಿಲ್ಲ, ಮರಿಯೂ ಒಂದು ಮನೆಯ ಹಿತ್ತಿಲು ಹೊಕ್ಕು ಬದುಕಿಕೊಂಡಿತು. ಆದರೆ ನಾಲ್ಕು ಜನ ನಾಲ್ಕು ಮಾತು ಅಂದರು. “ಮಾಸ್ತರ್ರ, ಸಂಭಾಳಿಸಾಕ ಆಗದವ್ರು ಯಾಕ ತರ್ತೀರಿ?” ಅಂತ ಒಬ್ಬರು ಎಲ್ಲರಿಗೂ ಕೇಳುವ ಹಾಗೆ ಕೂಗಿದರು. ಅಪ್ಪ ಹೊಲದ ಬದುವಿನ ಮೇಲೆ ನಿಂತು ಕರೆಯತೊಡಗಿದ. “ಬಾ! ಚಿಗರಿ, ಬಾ!” ಒಂದು ತಾಸು ಕರೆದಿರಬೇಕು. ಕತ್ತಲಾಗುತ್ತ ಬಂದಿತ್ತು.

ಬಂತು ಚಿಗರಿ. ನಾಲಿಗೆ ಹೊರಗೆ ಚಾಚಿಕೊಂಡು, ಮೈಯೆಲ್ಲ ಎರೆಮಣ್ಣು ಮಾಡಿಕೊಂಡು, ಬಾಲ ಆಡಿಸುತ್ತ, ನೆಟ್ಟಗೆ ಅಪ್ಪನ ಹತ್ತಿರ ಬಂತು. ಬಂದು ಅವನೆದುರು ಕೂತಿತು. ಯಾರೂ “ಕುಂಡ್ರು” ಅಂದಿರಲಿಲ್ಲ. ಮೂರು ತಿಂಗಳು ಒತ್ತಿದರೂ ಕೂರದಿದ್ದ ನಾಯಿ ತಾನಾಗಿ ಕೂತು ಮುಖ ಎತ್ತಿ ಅಪ್ಪನನ್ನು ನೋಡಿತು. ಅಪ್ಪ ಪಕ್ಕದಲ್ಲಿದ್ದವನ ಕೈಯಿಂದ ಬಾರಕೋಲು ಕಿತ್ತುಕೊಂಡ.

ಬೆಂಕಿಯ ಮುಂದೆ ಈ ಮಾತಿಗೆ ಬಂದಾಗ ನಾನು “ಅಜ್ಜ ಹೊಡೆದ” ಎಂದಷ್ಟೇ ಹೇಳಿ ಮುಂದೆ ಹೋಗಲು ನೋಡುತ್ತೇನೆ. ಆ ಕಡೆಯಿಂದ ಅಪ್ಪ ಹೇಳುತ್ತಾನೆ, “ಮೂರು. ಮೂರು ಏಟು.” ಪ್ರತಿ ವರ್ಷ ಹೇಳುತ್ತಾನೆ.

ಆ ತೆಳು ಚರ್ಮದ ಮೇಲೆ ಮೂರು ಬಾಸುಂಡೆ ಎದ್ದವು. ಮೊದಲ ಏಟಿಗೆ ಚಿಗರಿ ಓಡಲಿಲ್ಲ. ಏನಾಗುತ್ತಿದೆ ಅಂತ ಅದಕ್ಕೆ ತಿಳಿಯಲೇ ಇಲ್ಲ. ಎರಡನೆಯದಕ್ಕೆ ಮಲಗಿಬಿಟ್ಟಿತು. ಮೂರನೆಯದಕ್ಕೆ ಒಂದು ದನಿ ಮಾಡಿತು. ಅದನ್ನು ನಾನು ಬರೆದು ತೋರಿಸಲಾರೆ.

ಮರುದಿನದಿಂದ ಮನೆಯಲ್ಲಿ ಒಂದು ವಿಚಿತ್ರ ಶುರುವಾಯಿತು. ಚಿಗರಿ ತಿನ್ನುತ್ತಿತ್ತು, ಆಡುತ್ತಿತ್ತು, ತಂಗಿಯ ಹಿಂದೆ ಸುತ್ತುತ್ತಿತ್ತು. “ಬಾ” ಅನ್ನುವ ಶಬ್ದ ಕಿವಿಗೆ ಬಿದ್ದರೆ ಮಾತ್ರ ನೆಲಕ್ಕೆ ಒತ್ತಿಕೊಂಡು, ಕಿವಿ ಹಿಂದಕ್ಕೆ ಅಂಟಿಸಿ, ಸರಿದು ಸರಿದು ಹೊರಸಿನ ಕೆಳಗೆ ಸೇರುತ್ತಿತ್ತು. ಕೆಲವೊಮ್ಮೆ ಅಲ್ಲೇ ಉಚ್ಚೆ ಹೊಯ್ದುಕೊಳ್ಳುತ್ತಿತ್ತು. ಆ ಶಬ್ದವಿಲ್ಲದೆ ಯಾವ ಮನೆ ನಡೆಯುತ್ತದೆ ಹೇಳಿ! ಅವ್ವ ತಂಗಿಯನ್ನು “ಉಣ್ಣಾಕ ಬಾ” ಅಂದರೆ ನಾಯಿ ನಡುಗುತ್ತಿತ್ತು. ನೆರೆಯವರು ಬಂದು “ಒಳಗ ಬಾ ಅಕ್ಕಾ” ಅನ್ನಿಸಿಕೊಂಡರೆ ನಡುಗುತ್ತಿತ್ತು. ಮನೆಯವರೆಲ್ಲ ಆ ಒಂದಕ್ಷರವನ್ನು ನುಂಗಿಕೊಂಡು ಮಾತಾಡುವುದನ್ನು ಕಲಿತೆವು. ಅಪ್ಪ ಅರಿಷಿಣ ಎಣ್ಣೆ ಕಲಸಿ ಬಾಸುಂಡೆಗೆ ಹಚ್ಚಲು ಹೋದರೆ ಅದರ ಮೈ ಅವನ ಬೆರಳ ಕೆಳಗೆ ಕಂಪಿಸುತ್ತಿತ್ತು. ಅಪ್ಪ ಒಂದು ವಾರ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಆಗ ಬಂದವನು ಕುರಿ ಮುತ್ಯಾ. ಎಪ್ಪತ್ತು ದಾಟಿದ ಕುರುಬರ ಮುದುಕ. ಊರೆಲ್ಲ ಅವನನ್ನು ಹಾಗೇ ಕರೆಯುತ್ತಿತ್ತು. ವೃದ್ಧಾಪ್ಯ ವೇತನದ ಮನಿಯಾರ್ಡರ್ ಕೇಳಲು ಬಂದವನು ಕಟ್ಟೆಯ ಮೇಲೆ ಕೂತ. ಚಿಗರಿಯನ್ನು ನೋಡಲೇ ಇಲ್ಲ. ಓರೆಯಾಗಿ, ಬೆನ್ನು ಅರ್ಧ ತಿರುಗಿಸಿ, ಕಂಬಳಿಯ ಅಂಚನ್ನು ನೆಲಕ್ಕೆ ಇಳಿಬಿಟ್ಟು ಕೂತ. ಸ್ವಲ್ಪ ಹೊತ್ತಿಗೆ ಚಿಗರಿ ತಾನೇ ಬಂದು ಕಂಬಳಿ ಮೂಸಿತು. ಅಷ್ಟರಲ್ಲಿ ಒಳಗಿನಿಂದ ಯಾರೋ “ಬಾ” ಅಂದರು, ನಾಯಿ ನೆಲಕ್ಕಂಟಿತು. ಮುತ್ಯಾ ಬಾಸುಂಡೆಯ ಗುರುತು ನೋಡಿದ.

“ಹೊಡದವ್ರು ಯಾರು?”

“ನಾನ, ಮುತ್ಯಾ,” ಅಂದ ಅಪ್ಪ.

“ಓಡುವಾಗ ಹೊಡದ್ರೋ, ಬಂದ ಮ್ಯಾಲ ಹೊಡದ್ರೋ?”

“ಬಂದ ಮ್ಯಾಲ.”

“ಹಂಗಾದ್ರ ಬಂದಿದ್ದಕ್ಕ ಹೊಡದ್ರಿ.”

ಅಪ್ಪ ತಲೆ ತಗ್ಗಿಸಿದ. ಮುತ್ಯಾ ಬಿಡಿಸಿ ಹೇಳಿದ. ಆಡಿನ ಮರಿಯ ಬೆನ್ನು ಹತ್ತಿದ್ದು ಒಂದು ತಾಸು ಹಿಂದಿನ ಮಾತು, ನಾಯಿಗೆ ಅದು ಹೋದ ಜನ್ಮದ ಮಾತು. ಏಟು ಬೀಳುವ ಹೊತ್ತಿಗೆ ಅದು ಮಾಡುತ್ತಿದ್ದದ್ದು ಎರಡೇ ಕೆಲಸ, ಕರೆದದ್ದಕ್ಕೆ ಬಂದದ್ದು, ಬಂದು ಕೂತದ್ದು. ಏಟು ಅವೆರಡಕ್ಕೇ ಬಿತ್ತು. “ಕುರಿ ಕಾಯೋ ನಾಯಿ ಎರಡು ದಿನ ಬಿಟ್ಟು ಬಂದ್ರೂ ನಾವು ಮೊದಲ ರೊಟ್ಟಿ ಹಾಕ್ತೀವಿ, ಮಾಸ್ತರ್ರ. ಬೈಯೋದೂ ಇಲ್ಲ. ಬಂತಲ್ಲ!”

ತಪ್ಪು ಮಾಡಿದ ನಾಯಿ ತಲೆ ತಗ್ಗಿಸುತ್ತದೆ, ತನ್ನ ತಪ್ಪು ಅದಕ್ಕೆ ಗೊತ್ತಿರುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಮುತ್ಯಾ ಒಪ್ಪಲಿಲ್ಲ. ನಮ್ಮ ಮುಖ ನೋಡಿ ಅದು ತಗ್ಗುತ್ತದೆ, ತನ್ನ ತಪ್ಪು ನೋಡಿ ಅಲ್ಲ ಅಂದ. ಎಷ್ಟೋ ವರ್ಷದ ಮೇಲೆ, ಅಲೆಕ್ಸಾಂಡ್ರಾ ಹೊರೊವಿಟ್ಸ್ ಎಂಬ ವಿಜ್ಞಾನಿ 2009ರಲ್ಲಿ ಪ್ರಕಟಿಸಿದ ಪ್ರಯೋಗದ ಬಗ್ಗೆ ಓದಿದೆ. ನಾಯಿಗಳ ಆ ‘ತಪ್ಪಿತಸ್ಥ ಮುಖ’ ಒಡೆಯರ ಗದರಿಕೆಗೆ ಹುಟ್ಟುವಂಥದ್ದು, ನಾಯಿ ನಿಜಕ್ಕೂ ತಪ್ಪು ಮಾಡಿತ್ತೋ ಇಲ್ಲವೋ ಅನ್ನುವುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ ಎಂದು ಅವರು ತೋರಿಸಿದ್ದರು. ಓದುವಾಗ ಕಟ್ಟೆಯ ಮೇಲಿನ ಕಂಬಳಿಯ ವಾಸನೆ ಬಂದ ಹಾಗಾಯಿತು.

“ಈಗೇನ್ ಮಾಡೂದು?” ಎಂದು ಕೇಳಿದವಳು ಅವ್ವ.

“ಆ ಮಾತು ಸತ್ತೈತಿ, ಯವ್ವಾ. ಒಡದ ಗಡಿಗಿಗೆ ತ್ಯಾಪಿ ಹಚ್ಚಿದ್ರ ನೀರು ನಿಂದ್ರಂಗಿಲ್ಲ. ಹೊಸಾ ಗಡಿಗಿ ತರಬೇಕು.”

ಹೊಸ ಮಾತನ್ನು ಮುತ್ಯಾನೇ ಹುಡುಕಿಕೊಟ್ಟ. “ಹೊಳ್ಳು.” ನಮ್ಮ ಕಡೆ ತಿರುಗು, ಹಿಂದಿರುಗು ಅನ್ನುವುದಕ್ಕೆ ಹೊಳ್ಳು ಅನ್ನುತ್ತೇವೆ. ಉಳುವಾಗ ಸಾಲಿನ ಕೊನೆಯಲ್ಲಿ ಎತ್ತುಗಳಿಗೂ ಹಾಗೇ ಹೇಳುತ್ತಾರೆ. ಮನೆಯೊಳಗೆ ಕಡಿಮೆ ಬಳಕೆಯಾಗುವ ಮಾತು. ಕೊನೆಯ ಸ್ವರ ಎಳೆದರೆ ಎರಡು ಹೊಲದಾಚೆಗೂ ಕೇಳುತ್ತದೆ. “ಈ ಮಾತಿನ ಮ್ಯಾಲ ಯಾವತ್ತೂ ಸಿಟ್ಟು ಬೀಳಬಾರದು,” ಅಂದ ಮುತ್ಯಾ. ಕಲಿಸುವ ಕೆಲಸ ನನಗೆ ಬಂತು. ಅಪ್ಪನಿಗೆ ಬೇರೆ ಕೆಲಸ. “ಮಾಸ್ತರ್ರ, ನೀವು ಕರೀಬ್ಯಾಡ್ರಿ. ನಾ ಹೇಳೂ ತನಕ ಕರೀಬ್ಯಾಡ್ರಿ. ದಿನಾ ಎರಡೂ ಹೊತ್ತು ನಿಮ್ಮ ಕೈಲೆ ಊಟಾ ಇಟ್ಟು ಸುಮ್ಮ ಬಂದುಬಿಡ್ರಿ.”

ಕೂರುವ ಪಾಠವನ್ನೂ ಮುತ್ಯಾ ಮೊದಲಿನಿಂದ ತಿದ್ದಿದ. ಚಿಗರಿಯ ತೊಡೆಯ ಮೇಲೆ ಕೈಯಾಡಿಸಿ ನನಗೆ ತೋರಿಸಿದ. ಈ ನಾಯಿಯ ಹಿಂಗಾಲು ಉದ್ದ, ತೊಡೆಯಲ್ಲಿ ಬರೀ ಓಟದ ನರ, ಕುಂಡೆಯಲ್ಲಿ ಮಾಂಸವೇ ಇಲ್ಲ. ಬಂಡೆಗಲ್ಲಿನ ಮೇಲೆ ಕೂತರೆ ಎಲುಬು ಒತ್ತುತ್ತದೆ. ಅದು ಹಟ ಮಾಡಿದ್ದಲ್ಲ, ಅದಕ್ಕೆ ನೋವಾಗುತ್ತಿತ್ತು. ಅವ್ವ ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಕಟ್ಟೆಯ ಕೆಳಗೆ ಹಾಸಿದಳು. ಕೈಯಲ್ಲಿ ತಿನಿಸಿನ ಚೂರು ಹಿಡಿದು ಮೂಗಿನ ತುದಿಗೆ ತಂದು, ನಿಧಾನವಾಗಿ ಹಣೆಯ ಮೇಲಿಂದ ಹಿಂದಕ್ಕೆ ಸರಿಸಬೇಕು. ನಾಯಿಯ ಮುಖ ಮೇಲೆದ್ದಂತೆ ಹಿಂಭಾಗ ತಾನಾಗಿ ಇಳಿಯುತ್ತದೆ. ನೆಲ ಮುಟ್ಟಿದ ಆ ಗಳಿಗೆಗೇ ಚೂರು ಬಾಯಿಗೆ ಬರಬೇಕು. “ಭೇಷ್ ಅಂದು ಆಮ್ಯಾಲ ಕಿಸೆದಾಗ ಹುಡುಕಬ್ಯಾಡ, ತಮ್ಮಾ. ನೀ ಹುಡುಕೂದ್ರಾಗ ಅದು ಎದ್ದಿರ್ತೈತಿ. ಎದ್ದಿದ್ದಕ್ಕ ಕೊಟ್ಟಂಗಾತು.” ಇದು ನಾಲ್ಕೇ ದಿನದಲ್ಲಿ ಬಂತು. ಯಾರೂ ಒತ್ತಲಿಲ್ಲ. ಮೊದಲು ಕೈ ಸನ್ನೆಗೆ ಕೂರತೊಡಗಿತು, ಆಮೇಲೆ ಸನ್ನೆಯ ಮುಂದೆ “ಕುಂಡ್ರು” ಅನ್ನುವ ಮಾತು ಸೇರಿಸಿದೆವು, ಒಂದೇ ಸಲ. ಹತ್ತು ಸಲ ಅಂದರೆ ನಾಯಿ ಹತ್ತನೆಯದಕ್ಕೆ ಕಾಯುವುದನ್ನು ಕಲಿಯುತ್ತದೆ.

ತಿನಿಸಿನ ಬಗ್ಗೆ ಒಂದು ತೊಡಕಾಯಿತು. ರೊಟ್ಟಿಯ ಚೂರಿಗೆ ಚಿಗರಿ ಮನೆಯೊಳಗೆ ಕೂರುತ್ತಿತ್ತು. ಹೊರಗೆ ಬಂದರೆ ರೊಟ್ಟಿಯತ್ತ ಕಣ್ಣೂ ಹಾಯಿಸುತ್ತಿರಲಿಲ್ಲ. ಬೇರೆಲ್ಲೂ ಸಿಗದ ರುಚಿ ಬೇಕು ಅಂದ ಮುತ್ಯಾ, ಒಣಗಿಸಿದ ಖಂಡದ ಚೂರುಗಳನ್ನು ಒಂದು ಡಬ್ಬಿಯಲ್ಲಿ ತಂದುಕೊಟ್ಟ. ನಮ್ಮದು ಲಿಂಗಾಯತರ ಮನೆ. ಖಂಡ ಹೊಸ್ತಿಲ ಹತ್ತಿರಕ್ಕೂ ಬರುವಂತಿಲ್ಲ. ಅವ್ವ ಬಹಳ ಹೊತ್ತು ಸುಮ್ಮನಿದ್ದಳು. ಹೊರಸಿನ ಕೆಳಗೆ ಮುದುಡಿದ ನಾಯಿಯನ್ನು ಒಮ್ಮೆ ನೋಡಿದಳು. “ಬೇವಿನ ಗಿಡಕ್ಕ ತೂಗ ಹಾಕು. ಮುಟ್ಟಿದ ಕೈ ತೊಳಕೊಂಡು ಒಳಗ ಬರಬೇಕು” ಅಂದಳು. ಅವ್ವನ ಆ ಮಾತು ನನಗೆ ಇವತ್ತಿಗೂ ದೊಡ್ಡದು. ಡಬ್ಬಿ ಬೇವಿನ ಗಿಡದಲ್ಲಿ ತೂಗಿತು. ಹದಿನೈದು ದಿನ ಕಳೆಯುವಷ್ಟರಲ್ಲಿ, ಮುಚ್ಚಳ ತೆಗೆದ ಸದ್ದಿಗೇ ಚಿಗರಿಯ ತುಟಿಯಿಂದ ಜೊಲ್ಲಿನ ಎಳೆ ಇಳಿಯುತ್ತಿತ್ತು. ರಷ್ಯಾದ ಪಾವ್ಲೊವ್ 1904ರಲ್ಲಿ ನೊಬೆಲ್ ಪಡೆದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಊಟ ಬರುವ ಮೊದಲೇ ಜೊಲ್ಲು ಸುರಿಸುವ ನಾಯಿಗಳನ್ನು ಗಮನಿಸಿದ್ದೇ ಅವರನ್ನು ಇನ್ನೊಂದು ದಾರಿಗೆ ಒಯ್ದಿತು. ಅದನ್ನು ನಾನು ಕಾಲೇಜಿನಲ್ಲಿ ಓದುವ ಮೊದಲೇ ಬೇವಿನ ಗಿಡದ ಕೆಳಗೆ ನೋಡಿದ್ದೆ.

“ಹೊಳ್ಳು” ಕಲಿಸಿದ್ದು ಐದು ಹೆಜ್ಜೆಯಿಂದ. ಅಂಗಳದಲ್ಲಿ ತಂಗಿ ಆ ತುದಿ, ನಾನು ಈ ತುದಿ. ನಾನು ಒಂದು ಸಲ “ಹೊಳ್ಳೂ” ಅನ್ನುವುದು, ಕೂತು ಕೈ ಚಾಚುವುದು. ಬಂದರೆ ಒಂದು ಚೂರು. ಆಮೇಲೆ ತಂಗಿಯ ಸರದಿ. ದಿನಕ್ಕೆ ಮೂರು ಹೊತ್ತು, ಒಂದೊಂದು ಹೊತ್ತಿಗೆ ಐದೇ ನಿಮಿಷ. ನಾಯಿಗೆ ಇನ್ನೂ ಬೇಕು ಅನ್ನಿಸುವಾಗಲೇ ನಿಲ್ಲಿಸಬೇಕು. ಅಂಗಳ ಮುಗಿಯಿತು, ಓಣಿ ಮುಗಿಯಿತು, ಹೊಲಕ್ಕೆ ಹೋದೆವು. ಅಲ್ಲಿ ಮೂವತ್ತು ಅಡಿಯ ಸಪೂರ ಹಗ್ಗ. ಪಟ್ಟಿಯನ್ನು ಮುತ್ಯಾನೇ ಹೊರಸಿನ ಹಳೆಯ ನವಾರದಿಂದ ಹೊಲಿದು ಕೊಟ್ಟಿದ್ದ. ಮೂರು ಬೆರಳಗಲ, ಎರಡು ಪದರ, ಕಿವಿಯ ಹಿಂದೆ ಹತ್ತಿ ಕೂರುವಂಥದ್ದು, ತಲೆ ಜಾರದಂಥದ್ದು. ಹಗ್ಗ ಇರುವುದು ನಾಯಿಯನ್ನು ಎಳೆಯುವುದಕ್ಕಲ್ಲ ಎಂದು ಅವನು ಮೊದಲೇ ಹೇಳಿದ್ದ. ಎಳೆದುಕೊಂಡರೆ ಬಂದದ್ದು ಹಗ್ಗ, ನಾಯಿ ಅಲ್ಲ.

ಅವನು ಕಲಿಸಿದ್ದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದೆನಿಸಿದ್ದು ಇನ್ನೊಂದು. ಕರೆದಾಗ ಬಂತು, ತಿಂದಿತು, ಆಮೇಲೆ? ಕಟ್ಟಿಹಾಕಬಾರದು. ಮತ್ತೆ “ಹೋಗು” ಅಂತ ಬಿಡಬೇಕು. ಹತ್ತು ಸಲ ಕರೆದರೆ ಒಂಬತ್ತು ಸಲ ಬಿಡಬೇಕು. ಬಂದರೆ ಆಟ ಮುಗಿಯಿತು ಎಂದು ತಿಳಿದ ನಾಯಿ ಬರುವುದಿಲ್ಲ. ಬಂದರೆ ತಿನಿಸೂ ಸಿಕ್ಕುತ್ತದೆ, ಆಟವೂ ಉಳಿಯುತ್ತದೆ ಎಂದು ತಿಳಿದ ನಾಯಿ ಯಾಕೆ ಬಾರದು? ಮಳೆಗಾಲದ ಎರೆಮಣ್ಣು ಕಾಲಿಗೆ ಸೇರುಗಟ್ಟಲೆ ಅಂಟಿಕೊಳ್ಳುತ್ತಿತ್ತು. ನಾನು ಒಂದೊಂದು ಕಾಲನ್ನು ಕಿತ್ತಿಟ್ಟು ನಡೆಯುತ್ತಿದ್ದೆ, ಚಿಗರಿ ಅದರ ಮೇಲೆ ಗಾಳಿಯ ಹಾಗೆ ಹೋಗಿ ಗಾಳಿಯ ಹಾಗೆ ಹೊಳ್ಳಿ ಬರುತ್ತಿತ್ತು.

ಇನ್ನು ಮಕ್ಕಳಿಗೆ ಹೇಳದೆ ಬಿಟ್ಟ ಸಂಗತಿ. ಸೆಪ್ಟೆಂಬರಿನಲ್ಲಿ ಒಂದು ಬೆಳಗ್ಗೆ, ಇನ್ನು ಸಾಕು ಅನ್ನಿಸಿ ಹಗ್ಗ ಬಿಚ್ಚಿದೆ. ಮುತ್ಯಾನನ್ನು ಕೇಳಿರಲಿಲ್ಲ. ತೊಗರಿ ಹೊಲದ ಅಂಚಿನಲ್ಲಿ ಚಿಗರಿಯ ಕಿವಿ ನೆಟ್ಟಗಾದವು, ಮುಂಗಾಲೊಂದು ಮೇಲೆದ್ದಿತು. ನಾನು ನೋಡುತ್ತ ನಿಂತೆ. ಮೊಲ ಎದ್ದಿತು. ಆಮೇಲೆ ಕಂಡದ್ದು ಒಂದು ಗೆರೆ ಅಷ್ಟೇ. ನಾನು “ಹೊಳ್ಳೂ” ಎಂದು ಕೂಗಿದೆ, ಮತ್ತೆ ಕೂಗಿದೆ, ಕೂಗುತ್ತಲೇ ಹೋದೆ. ಕಬ್ಬಿನ ಹೊಲದಾಚೆ ಡಾಂಬರು ರಸ್ತೆ. ಮೊಲ ಹಿಡಿದರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ ಎಂದು ಅಪ್ಪ ಮೊದಲ ದಿನವೇ ಹೇಳಿದ್ದ. ಹೆದರಿಕೆ ಸಿಟ್ಟಾಗಿ ತಿರುಗಲು ಎಷ್ಟು ಹೊತ್ತು ಬೇಕು? ಅರ್ಧ ತಾಸಾದ ಮೇಲೆ ಚಿಗರಿ ಬರಿಬಾಯಲ್ಲಿ, ಬಾಲ ಆಡಿಸುತ್ತ ಬಂತು. ನನ್ನ ಬಲಗೈಯಲ್ಲಿ ಒಂದು ಹತ್ತಿಕಟ್ಟಿಗೆ ಇತ್ತು. ಅದನ್ನು ಯಾವಾಗ ಕಿತ್ತುಕೊಂಡೆನೋ ನನಗೆ ನೆನಪಿಲ್ಲ. ಕೈ ಮೇಲೆದ್ದಿತ್ತು.

ಚಿಗರಿ ಬಂದು ಕೂತು ಮುಖ ಎತ್ತಿತು. ಕಾರ ಹುಣ್ಣಿಮೆಯ ದಿನ ಕೂತ ಹಾಗೆಯೇ.

ನಾನು ಕಟ್ಟಿಗೆ ಕೆಳಗೆ ಹಾಕಿದೆ. ಕಿಸೆಯಲ್ಲಿದ್ದ ಚೂರುಗಳನ್ನೆಲ್ಲ ಕೊಟ್ಟುಬಿಟ್ಟೆ. ಅಲ್ಲೇ ಬದುವಿನ ಮೇಲೆ ಕೂತು ಅತ್ತೆ. ಅಪ್ಪನ ಮೇಲೆ ಮೂರು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದ ಸಿಟ್ಟು ಆ ದಿನ ಹೋಯಿತು. ಆ ಕೈ ನನಗೂ ಇತ್ತು.

ಮುತ್ಯಾನಿಗೆ ಮಾತ್ರ ಹೇಳಿದೆ. ಅವನು ಬೈಯಲಿಲ್ಲ. “ಮೊಲ ಎದ್ದ ಮ್ಯಾಲ ಕರಿಬಾರದು, ತಮ್ಮಾ. ಇದು ಕಣ್ಣಿನ ನಾಯಿ. ಓಡುವಾಗ ಇದರ ಕಿವಿ ಕಣ್ಣಿನ ಕೈಯಾಗ ಇರ್ತಾವು. ಆಗ ಕರದ್ರ ನಿನ್ನ ಮಾತು ಹಗರ ಆಕ್ಕೈತಿ. ಕಿವಿ ನೆಟ್ಟಗಾದ್ವಲ್ಲ, ಕಾಲು ಎತ್ತಿತಲ್ಲ, ಆವಾಗ ಕರಿ.” ಮತ್ತೆ ಹಗ್ಗ ಕಟ್ಟಿದೆವು. ಎರಡು ತಿಂಗಳು ನಾನು ಮಾಡಿದ್ದು ಚಿಗರಿಯ ಕಿವಿ ನೋಡುವುದೊಂದೇ. ಕಿವಿ ಏಳುವುದಕ್ಕೂ ಕಾಲು ನೆಲ ಬಿಡುವುದಕ್ಕೂ ನಡುವೆ ಒಂದು ಉಸಿರಿನಷ್ಟು ಹೊತ್ತು ಇರುತ್ತದೆ. ಆ ಉಸಿರಿನಲ್ಲಿ ಕರೆದರೆ ತಲೆ ತಿರುಗುತ್ತದೆ.

ದೀಪಾವಳಿ ಕಳೆದು ಬಿಳಿಜೋಳ ಮೊಣಕಾಲುದ್ದ ಬಂದಿತ್ತು. ಒಂದು ಭಾನುವಾರ ಎಲ್ಲರೂ ಹೊಲದಲ್ಲಿದ್ದೆವು. ಚಿಗರಿ ಹಗ್ಗವಿಲ್ಲದೆ ಬದುವಿನ ಗುಂಟ ಸುತ್ತುತ್ತಿತ್ತು. ಮುತ್ಯಾ ಕಂಬಳಿ ಹಾಸಿ ಕೂತಿದ್ದವನು ಇದ್ದಕ್ಕಿದ್ದಂತೆ, “ಮಾಸ್ತರ್ರ, ಇವತ್ತ ನೀವು ಕರೀರಿ” ಅಂದ.

ನಾಲ್ಕು ತಿಂಗಳ ಮೇಲಾಗಿತ್ತು ಅಪ್ಪ ಅದನ್ನು ಕರೆಯದೆ. ದಿನಾ ಎರಡು ಹೊತ್ತು ಗಂಗಾಳ ಇಟ್ಟು ಸುಮ್ಮನೆ ಬಂದುಬಿಡುತ್ತಿದ್ದ. ಅಪ್ಪ ಎದ್ದು ನಿಂತ. ಏನೋ ನೆನಪಾಗಿ ಮತ್ತೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತ. ಬಾಯಿ ತೆಗೆದ, ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡು ಕರೆದ.

“ಹೊಳ್ಳು, ಚಿಗರಿ.”

ಐವತ್ತು ಹೆಜ್ಜೆಯಾಚೆ ಚಿಗರಿ ನಿಂತಿತು. ಇತ್ತ ನೋಡಿತು. ನನ್ನನ್ನು ನೋಡಿತು, ನಾನು ಅಲುಗಲಿಲ್ಲ. ಅಪ್ಪ ಎರಡನೆಯ ಸಲ ಕರೆಯಲಿಲ್ಲ. ಎರಡೂ ಕೈ ಅಂಗಾತ ಮಾಡಿ ನೆಲಕ್ಕಿಟ್ಟುಕೊಂಡು ಕೂತಿದ್ದ, ಬಲ ಅಂಗೈಯಲ್ಲಿ ಖಂಡದ ಚೂರು. ಹುಟ್ಟಿದಾಗಿನಿಂದ ಖಂಡ ಮುಟ್ಟದ ಕೈ ಅದು. ಚಿಗರಿ ಹೊರಟಿತು. ಓಡಲಿಲ್ಲ, ನೇರವಾಗಿಯೂ ಬರಲಿಲ್ಲ. ಕಮಾನಿನ ಹಾಗೆ ಸುತ್ತುಹಾಕಿ, ಜೋಳದ ಸಾಲಿನ ಅಂಚು ಹಿಡಿದು ನಡೆದು ಬಂತು. ಕೊನೆಯ ಮೂರು ಹೆಜ್ಜೆ ಹೊಟ್ಟೆ ತಗ್ಗಿಸಿಕೊಂಡು ಬಂತು. ಚೂರು ತಿಂದಿತು. ಆಮೇಲೆ ಆ ಬಲಗೈಯನ್ನು ಮೂಸಿತು, ಬೆರಳ ಸಂದಿಯಲ್ಲಿ, ಮುಂಗೈಯಲ್ಲಿ, ಬಹಳ ಹೊತ್ತು ಮೂಸಿತು. ಅಪ್ಪ ಅದನ್ನು ಮುಟ್ಟಲಿಲ್ಲ. “ಹೋಗು” ಅಂದ. ಅಷ್ಟು ಮೆಲ್ಲಗೆ ಅವನು ಮಾತಾಡಿದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಎರಡನೆಯ ಸಲ ಕರೆದಾಗ ಚಿಗರಿ ಓಡಿ ಬಂತು.

ಅದು 2018ರ ತನಕ ಬದುಕಿತು. ಹದಿಮೂರು ವರ್ಷ ಯಾವ ಮೊಲವನ್ನೂ ಹಿಡಿಯಲಿಲ್ಲ, ಒಂದು ದಿನವೂ ರಾತ್ರಿ ಹೊರಗೆ ಉಳಿಯಲಿಲ್ಲ. ಮುತ್ಯಾ ಅದಕ್ಕೂ ಮೊದಲೇ ಹೋದ. 2016ರಲ್ಲಿ ಮುಧೋಳ ನಾಯಿಯ ಮರಿಗಳನ್ನು ಸೈನ್ಯದವರು ತರಬೇತಿಗಾಗಿ ಮೀರತ್‌ಗೆ ಒಯ್ದ ಸುದ್ದಿ ಪೇಪರಿನಲ್ಲಿ ಬಂದಿತ್ತು. ನಿವೃತ್ತನಾಗಿದ್ದ ಅಪ್ಪ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. “ಬಂದ ಮ್ಯಾಲ ಹೊಡೀದಿದ್ರ ಸಾಕು” ಅಂದು ಪೇಪರು ಮಡಚಿಟ್ಟ.

ಈಗ ಮನೆಯಲ್ಲಿರುವುದು ಬೀದಿಯಿಂದ ತಂದ ಕರಿಯ ಬಣ್ಣದ ಗಂಡುನಾಯಿ. ಕಥೆ ಮುಗಿಯುವ ಹೊತ್ತಿಗೆ ಬೆಂಕಿ ಇಳಿದಿರುತ್ತದೆ, ನಾಯಿ ಕತ್ತಲಲ್ಲಿ ಎಲ್ಲೋ ಹೋಗಿರುತ್ತದೆ. ಮಕ್ಕಳು ಎದ್ದು ನಿಂತು ಒಂದೇ ಸಲ “ಹೊಳ್ಳೂ” ಅನ್ನುತ್ತಾರೆ. ನಮ್ಮ ಮನೆಯಲ್ಲಿ ನಾಯಿಯನ್ನು “ಬಾ” ಎಂದು ಇವತ್ತಿಗೂ ಯಾರೂ ಕರೆಯುವುದಿಲ್ಲ.